ಹದಿಮೂರೂವರೆಯ ಹದ

ಕಾರ್ಬುರೇಟರ್ ಗಾಡಿಯ ಟ್ಯೂನಿಂಗ್ ಎಂದರೆ ಬಹುಕಾಲ ಕಿವಿಯ ವಿದ್ಯೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಮಿಕ್ಸ್ಚರ್ ಸ್ಕ್ರೂಗೆ ಸ್ಕ್ರೂಡ್ರೈವರ್ ಕೊಟ್ಟು, ಕತ್ತು ವಾಲಿಸಿ ಕೇಳುತ್ತಾರೆ. ಅರ್ಧ ಸುತ್ತು ಹೊರಕ್ಕೆ, ಕಾಲು ಸುತ್ತು ಒಳಕ್ಕೆ, ‘ಆಯ್ತು ಸಾರ್, ತಗೊಂಡ್ಹೋಗಿ.’ ಅನುಮಾನವಿದ್ದರೆ ಪ್ಲಗ್ ಬಿಚ್ಚುತ್ತಾರೆ: ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ, ಕಾಫಿ ಬಣ್ಣ ಬಂದಿದ್ದರೆ ಸರಿ. ಈ ವಿದ್ಯೆಯ ಮೇಲೆ ನನಗೆ ಭಕ್ತಿಯೇ ಇದೆ. ಆದರೂ ಮೂರನೇ ಗೇರಿನಲ್ಲಿ ಏರು ಹತ್ತುವಾಗ ಸಿಲಿಂಡರಿನೊಳಗೆ ಆ ಗಳಿಗೆಯಲ್ಲಿ ಏನು ಉರಿಯುತ್ತಿದೆ ಎಂದು ತಿಳಿಯುವ ಚಪಲ ಬಿಡಲಿಲ್ಲ. ನನ್ನ ಪ್ರೀಮಿಯರ್ ಪದ್ಮಿನಿಗೆ ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಬಂದದ್ದು ಹಾಗೆ.

ಮ್ಯಾನಿಫೋಲ್ಡಿನ ಕೆಳಗೆ ಸೈಲೆನ್ಸರ್ ಪೈಪಿಗೆ ತೂತು ಕೊರೆದು, ದಪ್ಪ ನಟ್ಟು ವೆಲ್ಡ್ ಮಾಡಿ, ಬಾಷ್ ಸೆನ್ಸರನ್ನು ಓರೆಯಾಗಿ ಕೂರಿಸಬೇಕು. ಮೂತಿ ಕೆಳಗಿರಬೇಕು; ಇಲ್ಲದಿದ್ದರೆ ಪೈಪಿನ ತೇವ ಅದರಲ್ಲಿ ನಿಂತು, ಸುಮಾರು 780 ಡಿಗ್ರಿಗೆ ಕಾಯುವ ಪಿಂಗಾಣಿ ಬಿರಿಯುತ್ತದೆ. ಸೀಸದ ಪೆಟ್ರೋಲ್ ಇದ್ದ ಕಾಲದಲ್ಲಿ ಈ ಶೋಕಿ ನಡೆಯುತ್ತಲೇ ಇರಲಿಲ್ಲ, ಸೀಸ ಸೆನ್ಸರನ್ನು ಬೇಗ ಕೆಡಿಸುತ್ತದೆ. ನಮ್ಮ ದೇಶದಲ್ಲಿ ಅದು ನಿಂತದ್ದು 2000ದಲ್ಲಿ.

ಪುಸ್ತಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ. ಐಡ್ಲಿಂಗಿನಲ್ಲಿ ಮೀಟರ್ 14.7 ತೋರಿಸುವಂತೆ ತಿರುಗಿಸಿ ನೋಡಿ: ಸ್ಟಿಯರಿಂಗ್ ಪಕ್ಕದ ಗೇರ್ ಲಿವರ್ ಗಡಗಡ ನಡುಗುತ್ತದೆ. ಸ್ಕ್ರೂ ಕೂದಲೆಳೆಯಷ್ಟು ಹೊರಗೆ ಬಂದು ಅಂಕಿ 13.5ರ ಹತ್ತಿರ ಇಳಿದಾಗ ನಡುಕ ತಾನಾಗಿ ನಿಲ್ಲುತ್ತದೆ. ಮೆಕ್ಯಾನಿಕ್ ಕಿವಿಯಲ್ಲೇ ಹಿಡಿದದ್ದೂ ಅದೇ ಜಾಗ. ‘ಇಷ್ಟು ಹೇಳೋಕೆ ಇಷ್ಟು ವಯರ್ ಬೇಕಿತ್ತಾ ಸಾರ್?’ ಎಂದರು.

ಬೇಕಿತ್ತು. ನಿಂತ ಗಾಡಿಯನ್ನು ಕಿವಿ ಬಲ್ಲದು, ಓಡುವುದನ್ನು ಅಷ್ಟಾಗಿ ಅರಿಯದು. ಹೆದ್ದಾರಿಯಲ್ಲಿ ಹಗುರ ಕಾಲಿಗೆ 15 ಸಾಕು; ಪೂರ್ತಿ ತುಳಿದರೆ 12.5–13 ಬೇಕು, ಹೊರೆ ಹೊತ್ತವನಿಗೆ ಎರಡು ತುತ್ತು ಹೆಚ್ಚು ಬಡಿಸಿದ ಹಾಗೆ. ನನಗೆ ಅತಿ ರುಚಿಸುವುದು ಆಕ್ಸಿಲರೇಟರನ್ನು ದಿಢೀರನೆ ಒತ್ತುವ ಕ್ಷಣ. ಗಾಳಿ ಹಗುರ, ನುಗ್ಗಿಬಿಡುತ್ತದೆ. ಪೆಟ್ರೋಲ್ ಭಾರ, ಹಿಂದೆ ಬೀಳುತ್ತದೆ. ಅಂಕಿ ಸರ್ರನೆ 17ಕ್ಕೆ ನೆಗೆದು, ಕಾರ್ಬುರೇಟರ್ ಪಂಪಿನ ಸಣ್ಣ ಚಿಲುಮೆ ಬಿದ್ದೊಡನೆ ಇಳಿಯುತ್ತದೆ. ‘ಪಿಕಪ್ಪಲ್ಲಿ ಮುಗ್ಗರಿಸ್ತಿದೆ’ ಎಂದು ನಾವು ದೂರುವ ಕಾಯಿಲೆಯನ್ನು ಕಣ್ಣಾರೆ ಕಾಣಬಹುದು.

ಮೀಟರಿಗೂ ಮರುಳಾಗಬಾರದು. ಅದು ಅಳೆಯುವುದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು. ಒಂದು ಪ್ಲಗ್ ಮಿಸ್ ಹೊಡೆದರೆ ಉರಿಯದ ಗಾಳಿಯೂ ಹೊರಬಂದು ‘ಪೆಟ್ರೋಲ್ ಸಾಲದು’ ಎಂದೇ ತೋರಿಸುತ್ತದೆ. ಪೈಪಿನ ಗ್ಯಾಸ್ಕೆಟ್ ಸೋರಿದರೂ ಅದೇ ಪಾಠ. ಅಲ್ಲಿ ಮತ್ತೆ ಕಿವಿಯೇ ಗತಿ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ತಮಾಷೆ ಬೇರೆ. ಅದರ ಸಮತೋಲ 13.5ರ ಆಸುಪಾಸು, ಮೀಟರ್ ಮಾತ್ರ ಆಗಲೂ 14.7 ಎಂದೇ ಓದುತ್ತದೆ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಜೆಟ್ಟಿಗೆ ಹೀಗೆ ಶೇಕಡಾ 8ರಷ್ಟು ಕೊರತೆ. ಸೋಲೆಕ್ಸ್ ಕಾರ್ಬುರೇಟರಿನ ಜೆಟ್ಟಿನ ಮೇಲೆ 120 ಎಂದಿದ್ದರೆ ರಂಧ್ರ 1.20 ಮಿಲಿಮೀಟರ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ 125 ತಂದರೆ ಬಾಯಿಯ ವಿಸ್ತೀರ್ಣ ಶೇಕಡಾ 8.5 ಹೆಚ್ಚುತ್ತದೆ. ಕಡಲೆಕಾಳಿನಂಥ ಹಿತ್ತಾಳೆ ತುಂಡಿನಲ್ಲಿ ಲೆಕ್ಕ ಇಷ್ಟು ಚೊಕ್ಕವಾಗಿ ಕೂರುವುದನ್ನು ನೋಡುವ ಸುಖಕ್ಕೆ ಸಾಟಿಯಿಲ್ಲ.

ಮೀಟರ್ ನೋಡುತ್ತಾ ಗಾಡಿ ಓಡಿಸಬಾರದು, ಅಂಕಿ ಓದುವ ಕೆಲಸ ಮನೆಯವಳದು. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯ ಆಚೆ ಸಮರಸ್ತೆ ಸಿಕ್ಕಿದರೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಕೂರಿಸಿದ ಹದ ಅರ್ಧ ಪಾಯಿಂಟ್ ಮೇಲೇರಿರುತ್ತದೆ. ಕೆಳಗೆ ಗಾಳಿ ದಟ್ಟ. ‘ಹದಿನೈದೂವರೆ... ರೀ, ನಿಲ್ಲಿಸಿ ಸ್ಕ್ರೂ ತಿರುಗಿಸ್ತೀರಾ?’ ಎಂದು ಅವಳೇ ಕೇಳುತ್ತಾಳೆ. ಇಲ್ಲ, ಮಂಗಳೂರಿನಲ್ಲಿ ಕೈ ಹಾಕುವುದಿಲ್ಲ. ನಾಡಿದ್ದು ಮತ್ತೆ ಘಾಟಿ ಹತ್ತಬೇಕಲ್ಲ.