ಹುಳು ಮನೆಯ ಹದ

1
ಚಳಿ ದೇಶದ ಮನೆಗಳಲ್ಲಿ ನೆಲದಡಿ ಕೊಳವೆ ಹಾಸುತ್ತಾರೆ. ಅದರಲ್ಲಿ ಬಿಸಿನೀರು ಹರಿಯುತ್ತದೆ, ನೆಲ ಕಾಯುತ್ತದೆ. ಕೋಣೆಗೊಂದು ವಾಲ್ವ್, ಗೋಡೆಗೊಂದು ಥರ್ಮೋಸ್ಟ್ಯಾಟ್. ಮಲಗುವ ಕೋಣೆಗೆ ಒಂದು ಅಂಕಿ, ಬಚ್ಚಲಿಗೆ ಇನ್ನೊಂದು. ಕೊರಿಯಾದವರು ಹಿಂದಿನಿಂದಲೂ ಒಲೆಯ ಹೊಗೆಯನ್ನೇ ನೆಲದ ಕಲ್ಲುಗಳ ಅಡಿ ಹಾಯಿಸುತ್ತಿದ್ದರು. ಅದರ ಹೆಸರು ಒಂಡೋಲ್.

2
ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನೆಲ ಕಾಯಿಸುವ ಮನೆಯನ್ನು ನಾನು ನೋಡಿಲ್ಲ. ಕೋಣೆಗೊಂದು ಉಷ್ಣತೆ ಇಟ್ಟುಕೊಂಡ ಮನೆ ನೋಡಿದ್ದೇನೆ. ಅದರಲ್ಲಿ ಇರುವವು ರೇಷ್ಮೆ ಹುಳುಗಳು.

3
ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಯ ಒಂದು ತೋಟ. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ತಮಿಳು. ಹುಳು ಮನೆಯ ಹೊಸ್ತಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹರಡಿದ್ದರು. 'ಬನ್ನಿ ಅಣ್ಣಾ, ಚಪ್ಪಲಿ ಅಲ್ಲೇ ಬಿಡಿ, ಪುಡಿ ತುಳಿದು ಬನ್ನಿ' ಅಂದರು ಮನೆಯಾಕೆ. ತುಳಿದೆ. ಕೈಯನ್ನೂ ತೊಳೆಸಿದರು.

4
ತಮಿಳಿನಲ್ಲಿ ಪುಳು, ಕನ್ನಡದಲ್ಲಿ ಹುಳು. ತಮಿಳಿನಲ್ಲಿ ಕೂಡು, ಕನ್ನಡದಲ್ಲಿ ಗೂಡು. ಬಿಸಿಗೆ ಮಾತ್ರ ಬೇರೆ ಬೇರೆ ಪದ.

5
ಬಾಗಿಲ ಪಕ್ಕ ಒಂದು ಹಲಗೆಗೆ ಎರಡು ಥರ್ಮಾಮೀಟರ್. ಒಂದರ ಗುಂಡು ಒಣಗಿದ್ದು. ಇನ್ನೊಂದರ ಗುಂಡಿಗೆ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಬಟ್ಟಲಿಗೆ ಇಳಿಬಿಟ್ಟಿದ್ದರು. ಒದ್ದೆ ಗುಂಡು ಕಡಿಮೆ ತೋರಿಸುತ್ತದೆ. ಎರಡರ ನಡುವಿನ ಅಂತರ ನೋಡಿ ಗಾಳಿಯಲ್ಲಿ ತೇವ ಎಷ್ಟೆಂದು ಹೇಳುತ್ತಾರೆ. ಅಂತರ ಹೆಚ್ಚಿದರೆ ತೇವ ಕಡಿಮೆ.

6
ಹುಳುವಿನ ವಯಸ್ಸಿಗೆ ತಕ್ಕ ಹದ, ನೋಟ್‌ಬುಕ್ಕಿಗೆ ಇಳಿಸಿಕೊಂಡದ್ದು:
ಮೊದಲ ಹಂತ: 27–28 ಡಿಗ್ರಿ, ತೇವ 85–90 ಶೇಕಡಾ.
ಎರಡನೆಯದು: 27 ಡಿಗ್ರಿ, 85.
ಮೂರನೆಯದು: 26 ಡಿಗ್ರಿ, 80.
ನಾಲ್ಕನೆಯದು: 25 ಡಿಗ್ರಿ, 70–75.
ಐದನೆಯದು: 24–25 ಡಿಗ್ರಿ, 65–70.
ಚಿಕ್ಕದಕ್ಕೆ ಬೆಚ್ಚಗೆ, ಒದ್ದೆ. ದೊಡ್ಡದಕ್ಕೆ ತಂಪು, ಒಣ.

7
ಹೊರಗೆ ಆ ಮಧ್ಯಾಹ್ನ 37 ಡಿಗ್ರಿ.

8
ಕೋಣೆಗಳು ಹೀಗೆ: ಚಾಕಿ ಕೋಣೆ, ಅಂದರೆ ಮೊದಲ ಎರಡು ಹಂತದ ಮರಿಗಳದ್ದು, ಬೆಚ್ಚಗೆ. ದೊಡ್ಡ ಹುಳುವಿನ ಕೋಣೆ, ಗಾಳಿಯಾಡುವಂಥದು. ಸೊಪ್ಪಿನ ಕೋಣೆ, ಕತ್ತಲು, ಎಲ್ಲಕ್ಕಿಂತ ತಂಪು. ಒದ್ದೆ ಗೋಣಿಯ ಕೆಳಗೆ ಹಿಪ್ಪುನೇರಳೆ ಸೊಪ್ಪು. ಈಗ ಹಲವರು ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳುವನ್ನೇ ತರುತ್ತಾರೆ. ಬಿಸಿಲೇರುವ ಮೊದಲೇ ತರುತ್ತಾರೆ.

9
ಹುಳು ಪೊರೆ ಕಳಚುವುದಕ್ಕೆ ಕನ್ನಡ ರೈತರು ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಒಂದು ದಿನದಷ್ಟು ಕಾಲ ಅಲ್ಲಾಡುವುದಿಲ್ಲ, ತಿನ್ನುವುದಿಲ್ಲ. ಆಗ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಚಿಮುಕಿಸುತ್ತಾರೆ.
ಈ ಹುಳುವಿಗೆ ಸ್ವಂತ ಮೈಬಿಸಿ ಇಲ್ಲ. ಕೋಣೆ ಎಷ್ಟು ಬಿಸಿಯೋ ಹುಳುವೂ ಅಷ್ಟೇ ಬಿಸಿ. ಜ್ವರ ಎಂಬ ಹೆಸರು ಹೇಗೆ ಬಂತು ಎಂದು ಕೇಳಿದೆ. 'ಅದಕ್ಕೆ ಜ್ವರ ಅಂತಲೇ ಅಲ್ವಾ ಅನ್ನೋದು' ಅಂದರು ಮನೆಯಾಕೆ.

10
ತಂಪು ಮಾಡುವ ಸಾಮಾನು: ಕಿಟಕಿಗೆ ಕಟ್ಟಿದ ಗೋಣಿ. ಕೊಡ. ಮರಳು. ಛಾವಣಿಯ ಶೀಟಿನ ಮೇಲೆ ತೆಂಗಿನ ಗರಿ. ಗರಿಯ ಮೇಲೆ ತೂತು ಹೊಡೆದ ಪೈಪು.
ಬೆಚ್ಚಗೆ ಮಾಡುವ ಸಾಮಾನು: ಇದ್ದಿಲ ಒಲೆ, ಕೆಲವರಲ್ಲಿ ವಿದ್ಯುತ್ ಹೀಟರು.

11
ಇದ್ದಿಲನ್ನು ಹೊರಗೆ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡವಾದ ಮೇಲೆ ಒಳಗೆ ತರಬೇಕು. ಹೊಗೆ ಹುಳುವಿಗೆ ಆಗದು.

12
ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸುತ್ತಾರೆ. ನೀರು ಆವಿಯಾಗುವಾಗ ಬಿಸಿಯನ್ನು ಎಳೆದುಕೊಳ್ಳುತ್ತದೆ. ಇಲ್ಲಿ ನೆಲಕ್ಕೆ ಕೊಡುವುದು ತಣ್ಣೀರು.

13
ಧರ್ಮಪುರಿ ಜಿಲ್ಲೆಯಲ್ಲೇ ಹೊಗೆನಕಲ್. ಕಾವೇರಿ ಬಂಡೆಯ ಮೇಲೆ ಬಿದ್ದು ಹನಿಯಾಗಿ ಏಳುವ ಜಾಗ. ಹೆಸರಿನಲ್ಲಿ ಇರುವುದು ಕನ್ನಡದ ಹೊಗೆ ಮತ್ತು ಕಲ್ಲು. ಹತ್ತಿರ ನಿಂತರೆ ಆ ಹೊಗೆ ತಣ್ಣಗಿರುತ್ತದೆ.

14
ಹದ ತಪ್ಪಿದಾಗ ಬರುವ ರೋಗಗಳಿಗೆ ಕನ್ನಡದ ಹೆಸರುಗಳು. ಬಿಸಿ ಹೆಚ್ಚಿ ಸೊಪ್ಪು ಕೆಟ್ಟರೆ ಸಪ್ಪೆ ರೋಗ; ಹುಳು ಮೆತ್ತಗಾಗುತ್ತದೆ. ಚಳಿಯೂ ತೇವವೂ ಕೂಡಿದರೆ ಸುಣ್ಣಕಟ್ಟು. ಸತ್ತ ಹುಳು ಗಟ್ಟಿಯಾಗಿ ಬಿಳಿ ಬೂಸ್ಟು ಹಿಡಿದು ಸುಣ್ಣದ ಕಡ್ಡಿಯಂತಾಗುತ್ತದೆ. ಹಾಲು ತೊಂಡೆಯಲ್ಲಿ ಮೈ ಊದಿ ಹಾಲಿನಂಥ ನೀರು ಒಸರುತ್ತದೆ. ಗಂಟು ರೋಗಕ್ಕೆ ಮಾತ್ರ ಹವೆಯ ಹಂಗಿಲ್ಲ. ಅದು ತಾಯಿಯಿಂದ ಮೊಟ್ಟೆಗೆ ಬರುತ್ತದೆ.

15
ಖಾಲಿ ಕೋಣೆಗೂ ಹದ ಬೇಕು. ಬೆಳೆಗೆ ಮುಂಚೆ ಫಾರ್ಮಾಲಿನ್ ಹೊಡೆದು ಬಾಗಿಲು ಮುಚ್ಚುತ್ತಾರೆ. ಕೋಣೆ 25 ಡಿಗ್ರಿಗಿಂತ ತಣ್ಣಗಿದ್ದರೆ ಔಷಧಿ ಸರಿಯಾಗಿ ಹಿಡಿಯುವುದಿಲ್ಲ.

16
ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಸೊಳ್ಳೆಯನ್ನು ಕೊಲ್ಲುವ ಮದ್ದು ಹುಳುವನ್ನೂ ಕೊಲ್ಲುತ್ತದೆ. ಬೆಳೆ ಇರುವಷ್ಟು ದಿನ ಮನೆಯ ಮಕ್ಕಳು ಪರದೆಯೊಳಗೆ ಮಲಗುತ್ತಾರೆ.

17
ಹುಳು ಮನೆಯಲ್ಲಿ ಎರಡು ಫ್ಯಾನು. ಮನೆಯಲ್ಲಿ ಒಂದು.

18
ತಮಿಳರು ಮೇ ತಿಂಗಳ ಕಡುಬಿಸಿಲನ್ನು ಕತ್ತಿರಿ ಅನ್ನುತ್ತಾರೆ, ಅಗ್ನಿ ನಕ್ಷತ್ರ ಎಂದೂ. ಅದು ಸುಮಾರು 25 ದಿನ. ಹುಳು ಮೊಟ್ಟೆಯೊಡೆದು ಹಣ್ಣಾಗಿ ಗೂಡು ಕಟ್ಟಲು ಹೊರಡುವವರೆಗೂ ಸುಮಾರು 25 ದಿನ.

19
ಸೇಲಂ ಊರು ಸಮುದ್ರ ಮಟ್ಟದಿಂದ ಸುಮಾರು 280 ಮೀಟರ್ ಎತ್ತರ. 30 ಕಿಲೋಮೀಟರ್ ಆಚೆ ಏರ್ಕಾಡು, ಸುಮಾರು 1500 ಮೀಟರ್. ಬೇಸಿಗೆಯಲ್ಲಿ ಜನ ಬಸ್ಸು ಹತ್ತಿ ಮೇಲೆ ಹೋಗುತ್ತಾರೆ. ರಾತ್ರಿ ಕಂಬಳಿ ಹೊದೆಯುತ್ತಾರೆ.

20
1965ರ ಅಕ್ಟೋಬರ್ 2ರಂದು ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ. ಎತ್ತರದ ಹೊಸೂರು ಕೃಷ್ಣಗಿರಿಗೆ ಸೇರಿತು. ಕೇಂದ್ರ ರೇಷ್ಮೆ ಮಂಡಳಿ ರೇಷ್ಮೆ ಹುಳುವಿನ ಮತ್ತು ಹಿಪ್ಪುನೇರಳೆಯ ತಳಿಗಳನ್ನು ಕಾಪಿಡುವ ಕೇಂದ್ರ ಇರುವುದು ಹೊಸೂರಿನಲ್ಲಿ. ಸೇಲಂನಲ್ಲಿ ಮಂಡಳಿಯ ಸಂಶೋಧನಾ ಕೇಂದ್ರ, ಧರ್ಮಪುರಿಯಲ್ಲಿ ಗೂಡಿನ ಮಾರುಕಟ್ಟೆ.

21
ಪೆನ್ನಾಗರಂ ಕಡೆಯ ಆ ಹುಳು ಮನೆಯ ತಟ್ಟೆಯಲ್ಲಿದ್ದದ್ದು ದ್ವಿತಳಿ ಹುಳು, ಅಂದರೆ ವರ್ಷಕ್ಕೆ ಎರಡು ಪೀಳಿಗೆಯದು. 1991ರಲ್ಲಿ ಜಪಾನಿನ ನೆರವಿನಿಂದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ ಯೋಜನೆಯೊಂದು ಶುರುವಾಯಿತು. ಅಲ್ಲಿ ಹುಟ್ಟಿದ ತಳಿಗಳಿಗೆ ಹೆಸರಿಲ್ಲ, ಅಂಕಿ ಇದೆ: ಸಿಎಸ್‌ಆರ್ 2, ಸಿಎಸ್‌ಆರ್ 4. ಒಂದರ ಗೂಡು ಮೊಟ್ಟೆಯಾಕಾರ, ಇನ್ನೊಂದರದ್ದು ನಡು ಸಣ್ಣ. ಹಳೆಯ ಮೈಸೂರು ತಳಿ ಬಿಸಿಲನ್ನು ತಡೆಯುತ್ತದೆ, ನೂಲು ಕಡಿಮೆ ಕೊಡುತ್ತದೆ. ಇವು ನೂಲು ಹೆಚ್ಚು ಕೊಡುತ್ತವೆ, ಬಿಸಿಲು ತಡೆಯುವುದಿಲ್ಲ.

22
ಜಪಾನಿನ ಗುನ್ಮಾದಲ್ಲಿ ತಜಿಮ ಯಾಹೇ 1863ರಲ್ಲಿ ಕಟ್ಟಿದ ಹುಳು ಮನೆ ಇದೆ. ಛಾವಣಿಯ ಮೇಲೆ ಗಾಳಿಗೆಂದು ಇನ್ನೊಂದು ಚಿಕ್ಕ ಛಾವಣಿ. ತಕಯಾಮ ಚೋಗೊರೊ ಎಂಬವರು ಗಾಳಿಗೆ ಬೆಂಕಿಯನ್ನೂ ಸೇರಿಸಿ ಕೋಣೆಯ ಹದ ಕಾಯುವುದನ್ನು ಕಲಿಸಿದರು. ಅರಾಫುನೆ ಎಂಬಲ್ಲಿ ಬಂಡೆಗಳ ಸಂದಿನಿಂದ ತಣ್ಣನೆ ಗಾಳಿ ಬರುತ್ತದೆ. ಅದರ ಎದುರು ಗೋಡೆ ಕಟ್ಟಿ ಮೊಟ್ಟೆ ಇಡುತ್ತಿದ್ದರು. 2014ರಲ್ಲಿ ಯುನೆಸ್ಕೊ ಈ ಜಾಗಗಳನ್ನು, ತೊಮಿಯೊಕ ನೂಲು ಕಾರ್ಖಾನೆಯ ಜೊತೆಗೆ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

23
ದ್ವಿತಳಿ ಮೊಟ್ಟೆ ಸಾಮಾನ್ಯವಾಗಿ ನಿದ್ದೆಗೆ ಜಾರುತ್ತದೆ, ಚಳಿಗಾಲ ಕಳೆಯದೆ ಒಡೆಯುವುದಿಲ್ಲ. ಬೇಗ ಒಡೆಯಿಸಬೇಕಾದರೆ, ಇಟ್ಟ ಮಾರನೆಯ ದಿನವೇ 46.1 ಡಿಗ್ರಿ ಬಿಸಿಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 5 ನಿಮಿಷ ಅದ್ದುತ್ತಾರೆ.

24
ಇನ್ನೊಂದು. ದ್ವಿತಳಿ ಮೊಟ್ಟೆಯನ್ನು 25 ಡಿಗ್ರಿಯಲ್ಲಿ, ಬೆಳಕಿನಲ್ಲಿ ಕಾವಿಗಿಟ್ಟರೆ, ಅದರಿಂದ ಬಂದ ಹುಳು ಚಿಟ್ಟೆಯಾಗಿ ಇಡುವ ಮೊಟ್ಟೆ ನಿದ್ದೆಗೆ ಹೋಗುತ್ತದೆ. 15 ಡಿಗ್ರಿಯಲ್ಲಿ, ಕತ್ತಲಲ್ಲಿ ಕಾವಿಗಿಟ್ಟರೆ ನಿದ್ದೆಗೆ ಹೋಗುವುದಿಲ್ಲ. ತಾಯಿ ಮೊಟ್ಟೆಯಾಗಿದ್ದಾಗ ಕೋಣೆ ಎಷ್ಟು ಬೆಚ್ಚಗಿತ್ತು ಎಂಬುದು ಮಕ್ಕಳಲ್ಲಿ ಕಾಣುತ್ತದೆ. ಇದನ್ನು ಎರಡು ಸಲ ಓದಿಕೊಂಡೆ.

25
ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡುತ್ತಾರೆ. ಅಲ್ಲಿ 24 ಡಿಗ್ರಿ, ತೇವ 60–65. ಗಾಳಿ ಆಡಬೇಕು. ಹುಳು ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಗೂಡು ಮುಗಿದ ಮೇಲೆ ಒಳಗೆ ಏನು ಹದ ಇರುತ್ತದೆ ಎಂದು ನೋಡುವ ಥರ್ಮಾಮೀಟರು ರೈತರ ಹತ್ತಿರ ಇಲ್ಲ.

26
ನೂಲು ತೆಗೆಯುವವರ ಅಂಕಿಗಳು ಬೇರೆ. ಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸಲು ಆರಂಭದಲ್ಲಿ 110 ಡಿಗ್ರಿ. ಬೇಯಿಸಲು ಕುದಿಯುವುದಕ್ಕೆ ಹತ್ತಿರದ ನೀರು. ಅಂಟು ಸಡಿಲಗೊಂಡು ಎಳೆಯ ತುದಿ ಸಿಗುತ್ತದೆ. ಒಂದು ಒಳ್ಳೆಯ ದ್ವಿತಳಿ ಗೂಡಿನಲ್ಲಿ 1000 ಮೀಟರಿಗೂ ಹೆಚ್ಚು ಎಳೆ.

27
ಸೇಲಂನ ನೇಕಾರರಲ್ಲಿ ಮನೆಯಲ್ಲಿ ಕನ್ನಡ ಆಡುವ ದೇವಾಂಗರಿದ್ದಾರೆ. ಈ ಊರಿನ ಬಿಳಿ ರೇಷ್ಮೆ, ವೆಣ್ಪಟ್ಟು, ಭೌಗೋಳಿಕ ಗುರುತು ಪಡೆದಿದೆ. ಕುಣಿ ಮಗ್ಗದ ಮುಂದೆ ಕೂತವರ ಕಾಲು ನೆಲದೊಳಗೆ ಇರುತ್ತದೆ. ಹಾಸು ನೆಲಕ್ಕೆ ಹತ್ತಿರ. ಗಾಳಿ ಒಣಗಿದರೆ ನೂಲು ಕಡಿಯುತ್ತದೆ, ಕುಣಿಯ ಮಣ್ಣು ತೇವ ಇಡುತ್ತದೆ. ಒಬ್ಬರ ಕುಣಿಗೆ ಕಾಲಿಳಿಸಿ ನೋಡಿದೆ. ಮೊಣಕಾಲಿನ ಮೇಲೆ ಒಂದು ಹವೆ, ಕೆಳಗೆ ಇನ್ನೊಂದು.

28
ಪೆನ್ನಾಗರಂ ಕಡೆಯ ಆ ಮನೆಯಾಕೆ ಥರ್ಮಾಮೀಟರಿಗಿಂತ ಮೊದಲು ಒಳಗೈಯನ್ನು ತಟ್ಟೆಯ ಮೇಲೆ, ಹುಳುವಿಗೆ ತಾಗದಂತೆ ಹಿಡಿಯುತ್ತಿದ್ದರು. ಆಮೇಲೆ ಅಂಕಿ ಓದುತ್ತಿದ್ದರು. ನಾನಿದ್ದಷ್ಟು ಹೊತ್ತಿನಲ್ಲಿ ನಾಲ್ಕು ಸಲ. ನಾಲ್ಕೂ ಸಲ ಅಂಕಿ ಓದಿ ತಲೆಯಾಡಿಸಿದರು.

29
ರಾತ್ರಿ 2 ಗಂಟೆಗೆ ಗೋಣಿ ಒಣಗಿರುತ್ತದೆಯೇ ಎಂದು ಕೇಳಿದೆ. 'ಅಷ್ಟು ಹೊತ್ತಿಗೆ ಎದ್ದೇಳ್ತೀವಿ' ಅಂದರು. ಅಲಾರಂ ಇಡುತ್ತೀರಾ ಎಂದೆ. ಇಲ್ಲವಂತೆ.

30
ಎರಡು ವಾರ ಬಿಟ್ಟು ಮತ್ತೆ ಹೋದೆ. ಗೂಡು ಬಿಡಿಸಿ ಧರ್ಮಪುರಿಗೆ ಒಯ್ದಿದ್ದರು. ಗೋಣಿಗಳು ಮಡಚಿ ಮೂಲೆಯಲ್ಲಿದ್ದವು. ಮರಳು ಬೆಳ್ಳಗೆ ಒಣಗಿತ್ತು. ಮಕ್ಕಳು ಹುಳು ಮನೆಯೊಳಗೆ ಓಡಾಡುತ್ತಿದ್ದರು, ಯಾರೂ ಬೈಯಲಿಲ್ಲ. ಹಲಗೆಯ ಮೇಲೆ ಥರ್ಮಾಮೀಟರುಗಳು ಹಾಗೇ ಇದ್ದವು. ಬಟ್ಟಲಲ್ಲಿ ನೀರಿಲ್ಲ, ಬಟ್ಟೆ ಗರಿಗರಿ. ಎರಡೂ ಒಂದೇ ಅಂಕಿ ತೋರಿಸುತ್ತಿದ್ದವು: 36.