ಆ ಮರಿ ನಗ್ತಿರಲಿಲ್ಲ

1/4

ಹೋದ ವಾರ ಹಾಕಿದ ಟಿಟ್ಟಿಭ ಮರಿ ಫೋಟೊ ನೆನಪಿದೆಯಲ್ಲ? ಕೊಕ್ಕು ತೆರೆದುಕೊಂಡು ನೇರ ಕ್ಯಾಮೆರಾ ಕಡೆ ನೋಡ್ತಾ ಕೂತಿತ್ತಲ್ಲ, ಅದೇ. ‘ನಗುಮುಖ’ ಅಂತ ಕ್ಯಾಪ್ಷನ್ ಕೊಟ್ಟಿದ್ದೆ. ನಾನಿಲ್ಲಿ ಹಾಕಿದ ಯಾವ ಫೋಟೊಗೂ ಅಷ್ಟು ಲೈಕ್ ಬಂದಿರಲಿಲ್ಲ. ನಮ್ಮ ಕ್ಲಾಸ್ ಗ್ರೂಪಿನಲ್ಲಂತೂ ಅದನ್ನ ಸ್ಟಿಕರ್ ಮಾಡ್ಕೊಂಡ್ರಿ. ಇಂಟರ್ನಲ್ಸ್ ಮುಂದಕ್ಕೆ ಹೋದ ದಿನ ಎಲ್ಲರೂ ಅದನ್ನೇ ಕಳಿಸಿದ್ರಿ.

ಮೆಸೇಜ್ ಮಾಡಿದವರು ಕೇಳಿದ್ದು ಮೂರೇ ಪ್ರಶ್ನೆ. ಯಾವ ಲೆನ್ಸ್? ಅಷ್ಟು ಹತ್ತಿರ ಹೇಗೆ ಹೋದೆ? ಯಾವ ಕೆರೆ? ಕೆರೆ ಹೆಸರು ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಶಿರಾ ಕಡೆ ಅಂತ ಗೊತ್ತಿದ್ರೆ ಸಾಕು. ಉಳಿದ ಎರಡಕ್ಕೆ ಉತ್ತರ ಹೇಳ್ತೀನಿ. ಎರಡನೇದು ಸ್ವಲ್ಪ ಉದ್ದ ಇದೆ, ಹೇಳೋಕೆ ನನಗೆ ಅಷ್ಟು ಇಷ್ಟನೂ ಇಲ್ಲ.

ಈಗ ಎರಡನೇ ಫೋಟೊಗೆ ಸ್ವೈಪ್ ಮಾಡಿ. ಅದೇ ಮರಿಗಳು, ಎರಡು ದಿನ ಮುಂಚೆ, ನಾನು ನಿಂತ್ಕೊಂಡು ತೆಗೆದದ್ದು. ಏನಾದ್ರೂ ಕಾಣ್ತಿದೆಯಾ? ಒಣಗಿದ ಗೋಡು ಮಣ್ಣು, ಬಿರುಕು, ಒಂದಿಷ್ಟು ಕಲ್ಲು. ಆ ಕಲ್ಲುಗಳಲ್ಲಿ ಒಂದು ಮರಿ. ಮೇಲಿಂದ ನೋಡಿದ್ರೆ ಅದರ ಬೆನ್ನು ಮಾತ್ರ ಕಾಣುತ್ತೆ, ಬೆನ್ನಿನ ಬಣ್ಣ ಇರೋದೇ ಮೇಲಿಂದ ನೋಡೋರಿಗೆ ಕಾಣಿಸದೇ ಇರಲಿ ಅಂತ. ಗಿಡುಗ, ಕಾಗೆ, ನಾಯಿ, ನಾವು, ಎಲ್ಲರೂ ಅದನ್ನ ನೋಡೋದು ಮೇಲಿಂದಾನೇ. ನೆಲಕ್ಕೆ ಇಳಿದ್ರೆ ಮಾತ್ರ ಬೇರೆ ಕಾಣುತ್ತೆ. ಬಿಳಿ ಹೊಟ್ಟೆ, ಎದೆ ಮೇಲೆ ಕಪ್ಪು ಪಟ್ಟಿ, ಮೈಗಿಂತ ಉದ್ದ ಅನ್ನಿಸೋ ಕಾಲು, ಆಮೇಲೆ ಕಣ್ಣು. ಅದರ ಕಣ್ಣು, ನಿಮ್ಮ ಲೆನ್ಸು ಒಂದೇ ಎತ್ತರಕ್ಕೆ ಬಂದಾಗ ನಿಂಬೆಹಣ್ಣಿನಷ್ಟಿರೋ ಮರಿ ಇಡೀ ಕೆರೆಗೆ ಯಜಮಾನನ ಥರ ನಿಂತಿರುತ್ತೆ.

2/4

ಮೊದಲು ಲೆನ್ಸ್ ವಿಷಯ ಮುಗಿಸ್ತೀನಿ. ಸೆಕೆಂಡ್‌ಹ್ಯಾಂಡ್ 70-300. ದೊಡ್ಡದೇನಲ್ಲ. ಫೋಟೊ ಚೆನ್ನಾಗಿ ಬಂದಿದ್ದು ಲೆನ್ಸಿಂದ ಅಲ್ಲ, ಬೋರಲು ಮಲಗಿದ್ದಕ್ಕೆ. ನಿಂತು ತೆಗೆದ್ರೆ ಮರಿ ಹಿಂದೆ ಇರೋದು ಅರ್ಧ ಅಡಿ ದೂರದ ಮಣ್ಣು, ಅದೂ ಫೋಕಸ್ಸಲ್ಲೇ ಇರುತ್ತೆ. ಮಲಗಿದ್ರೆ ಹಿಂದೆ ಇರೋದು ಇನ್ನೂರು ಮೀಟರ್ ಆಚೆಯ ಏರಿ, ಜಾಲಿ ಗಿಡ. ಅದೆಲ್ಲ ಕರಗಿ ಹಸಿರು ಬಣ್ಣ ಬಳಿದ ಹಾಗೆ ಆಗುತ್ತೆ. ಬ್ಲರ್ ಮಾಡೋಕೆ ಯಾವ ಆ್ಯಪ್ ಹಾಕಿದೆ ಅಂತ ಕೇಳಿದವರಿಗೆ ಇದೇ ಉತ್ತರ: ಹೊಟ್ಟೆ.

ಟ್ರೈಪಾಡ್ ಬೇಡ. ದಿಂಬಿನ ಕವರಿಗೆ ಎರಡು ಕೆಜಿ ರಾಗಿ ತುಂಬಿ ಬಾಯಿ ಕಟ್ಟಿದ್ದೆ, ಅದರ ಮೇಲೆ ಕ್ಯಾಮೆರಾ ಕೂರುತ್ತೆ. (ಆ ರಾಗಿ ವಾಪಸ್ ಡಬ್ಬಕ್ಕೆ ಹೋಗಿ ಮುದ್ದೆ ಆಯ್ತು. ಅಮ್ಮ ಈ ಪೇಜ್ ನೋಡಲ್ಲ.) ಫೋಕಸ್ ಕಣ್ಣಿನ ಮೇಲೆ, ಶಟರ್ 1/1000ಕ್ಕಿಂತ ಕಮ್ಮಿ ಇಡಬೇಡಿ. ನಿಂತ ಮರಿ ಯಾವಾಗ ಓಡುತ್ತೋ ಹೇಳೋಕಾಗಲ್ಲ.

ಹೊತ್ತು ತುಂಬಾ ಮುಖ್ಯ. ಬೇಸಿಗೇಲಿ ನೆಲ ಬಿಸಿಯಾದ ಮೇಲೆ ಅದರ ಮೇಲಿನ ಗಾಳಿ ಕುಣಿಯೋಕೆ ಶುರು ಮಾಡುತ್ತೆ. ದೂರದ ಡಾಂಬರು ರೋಡ್ ಮೇಲೆ ನೀರಿನ ಥರ ಕಾಣುತ್ತಲ್ಲ, ಅದೇ. ನೆಲಕ್ಕೆ ಹತ್ತಿ ಮಲಗಿದವರ ಫೋಟೊ ಆ ಗಾಳಿ ಮೂಲಕಾನೇ ಬರಬೇಕು, ಎಷ್ಟೇ ಒಳ್ಳೆ ಲೆನ್ಸ್ ಇದ್ರೂ ಮಸುಕು. ಹಾಗಾಗಿ ಬೆಳಗ್ಗೆ ಏಳಕ್ಕೆ ಹೋಗಿ ಎಂಟೂವರೆಗೆ ಎದ್ದು ಬಂದುಬಿಡಬೇಕು. ಇದೆಲ್ಲ ನನಗೆ ಮುಂಚೇನೇ ಗೊತ್ತಿತ್ತು. ಆ ದಿನ ಬಸ್ ತಪ್ಪಿತು. ಕೆರೆ ತಲುಪಿದಾಗ ಒಂಬತ್ತೂವರೆ. ವಾಪಸ್ ಹೋಗಬಹುದಿತ್ತು.

3/4

ಟಿಟ್ಟಿಭ ಗೂಡು ಅಂತ ಕಟ್ಟಲ್ಲ. ನೆಲದಲ್ಲಿ ಸಣ್ಣ ತಗ್ಗು, ಸುತ್ತ ಕಲ್ಲುಚೂರು, ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮರಿಗಳು ಹುಟ್ಟಿದ ಮೇಲೆ ಅಲ್ಲಿ ಹೆಚ್ಚು ಹೊತ್ತು ಇರಲ್ಲ. ಮೈ ಒಣಗಿದ ಮೇಲೆ ಎದ್ದು ಓಡಾಡ್ತಾವೆ, ಹುಳ ತಾವೇ ಹುಡುಕಿ ತಿಂತಾವೆ. ಅಪ್ಪ-ಅಮ್ಮ ತಿನ್ನಿಸಲ್ಲ, ಕಾಯ್ತಾವೆ. ಪಂಚತಂತ್ರದಲ್ಲಿ ಮೊಟ್ಟೆ ಕದ್ದ ಸಮುದ್ರದ ಮೇಲೇ ಜಗಳಕ್ಕೆ ಹೋಗುತ್ತಲ್ಲ ಒಂದು ಹಕ್ಕಿ, ಅದು ಇದೇ. ಆ ಕಥೆ ಬರೆದವರು ಯಾವತ್ತೋ ಇದರ ಮರಿ ಹತ್ತಿರ ಹೋಗಿ ಬೈಸಿಕೊಂಡಿರಬೇಕು ಅಂತ ನನಗೆ ಗ್ಯಾರಂಟಿ ಅನ್ಸುತ್ತೆ.

ನಾನು ತೆವಳ್ತಾ ಹತ್ತಿರ ಹೋದ ಹಾಗೆ ದೊಡ್ಡವೆರಡೂ ಮೇಲೆದ್ದು ಕೂಗೋಕೆ ಶುರು ಮಾಡಿದ್ವು. ಒಂದು ತಲೆ ಮೇಲೇ ಎರಗಿ ಬಂತು. ಮರಿಗಳು ಅಲ್ಲಲ್ಲೇ ಕೂತುಬಿಟ್ವು. ಒಂದು ನನ್ನ ಮುಂದೆ, ಎರಡು ಮೀಟರೂ ಇಲ್ಲ. ಅಲ್ಲಾಡಲಿಲ್ಲ. ನನ್ನನ್ನೇ ನೋಡ್ತು. ನನಗೆ ಹೇಗನ್ನಿಸಿತು ಅಂದ್ರೆ, ಇದು ನನ್ನನ್ನ ಒಪ್ಪಿಕೊಂಡಿದೆ, ಪೋಸ್ ಕೊಡ್ತಿದೆ. ಮೇಲೆ ಕೂಗಾಟ ನಡೀತಾನೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅದು ಫ್ಯಾನ್ ಸದ್ದಿನ ಥರ, ಕಿವಿಗೆ ಬೀಳೋದೇ ನಿಂತುಹೋಯ್ತು.

ಎಷ್ಟು ಹೊತ್ತಾಗಿತ್ತೋ, ಹಿಂದಿನಿಂದ ಯಾರೋ ಕೂಗಿದ್ರು. ಕುರಿ ಕಾಯೋ ತಾತ.

‘ಯಾಕವ್ವ ಬಿಸ್ಲಲ್ಲಿ ಬಿದ್ಕಂಡಿದ್ದೀಯ? ತಲೆ ಸುತ್ತಿ ಬಿದ್ಯೇನೋ ಅಂದ್ಕಂಡೆ.’

‘ಮರಿ ಫೋಟೊ ತೆಗೀತಿದೀನಿ ತಾತ. ನೋಡಿ, ಹೆದರ್ತಾನೇ ಇಲ್ಲ.’

‘ಹೆದ್ರಿಕಂಡೇ ಕುಂತೈತೆ ಕಣವ್ವ. ಅವ್ವ ಅಲ್ಲಾಡ್‌ಬ್ಯಾಡ ಅಂತ ಕೂಗ್ತಾವ್ಳೆ, ಅಲ್ಲಾಡ್ತಿಲ್ಲ. ನೀ ಎದ್ದೋದ್ರೆ ಅದ್ಕೆ ನೆಳ್ಳು.’

ನಾನು ಏಳೋಕೆ ಮೊಣಕೈ ಊರಿದೆ. ‘ನೋಡ್ಕಂಡ್ ಏಳು’ ಅಂದ್ರು ತಾತ. ನೋಡಿದೆ. ಎಡಗೈ ಪಕ್ಕ, ಒಂದು ಗೇಣಿನಷ್ಟು ದೂರ, ಇನ್ನೊಂದು ಮರಿ. ಕತ್ತು ನೆಲಕ್ಕೆ ಚಾಚಿ ಮಲಗಿತ್ತು. ನಾನು ಅಷ್ಟು ಹೊತ್ತೂ ಅದರ ಪಕ್ಕದಲ್ಲೇ ಇದ್ದೆ. ಕಣ್ಣು ವ್ಯೂಫೈಂಡರ್ ಒಳಗಿದ್ರೆ ಎದುರಿನ ಒಂದು ಕಣ್ಣು ಬಿಟ್ಟು ಬೇರೇನೂ ಕಾಣಲ್ಲ. ನಾನು ಬಂದ ದಾರೀಲಿ, ಕಾಲ ಹತ್ತಿರ, ಇನ್ನೂ ಎರಡು ಎಲ್ಲೋ ಇರಬೇಕಿತ್ತು.

ಬಂದದ್ದಕ್ಕಿಂತ ನಿಧಾನಕ್ಕೆ, ಕೈಯಿಂದ ಮುಟ್ಟಿ ಮುಟ್ಟಿ ನೋಡ್ಕೊಂಡು ಹಿಂದೆ ತೆವಳಿದೆ. ತಾತ ಏರಿ ಹತ್ತಿರ ಕರ್ಕೊಂಡು ಹೋಗಿ ಜಾಲಿ ನೆರಳಲ್ಲಿ ಕೂರಿಸಿದ್ರು. ಐದೇ ನಿಮಿಷ. ದೊಡ್ಡದೊಂದು ಕೆಳಗಿಳಿದು, ಬೇರೆ ಥರ, ಮೆಲ್ಲಗೆ ಕೂಗಿತು. ನನ್ನ ಮುಂದೆ ‘ಪೋಸ್ ಕೊಟ್ಟ’ ಮರಿ ಎದ್ದು ಓಡಿದ ವೇಗ ನೀವು ನೋಡಬೇಕಿತ್ತು. ನೇರ ಹೊಟ್ಟೆ ಕೆಳಗೆ. ಆಮೇಲೆ ಇನ್ನೊಂದು, ಆಮೇಲೆ ಇನ್ನೊಂದು. ದೊಡ್ಡದು ರೆಕ್ಕೆ ಸ್ವಲ್ಪ ಅಗಲ ಮಾಡಿ ನಿಂತಿತ್ತು, ಕೆಳಗೆ ಬರೀ ಕಾಲುಗಳು.

ಮೂರು ಬಂದ್ವು. ಹನ್ನೊಂದರ ತನಕ ಕೂತಿದ್ದೆ.

4/4

ಮನೆಗೆ ಬಂದು ಫೋಟೊ ನೋಡುವಾಗ ಇದ್ಯಾವುದೂ ನೆನಪಿರಲಿಲ್ಲ ಅಂದ್ರೆ ನಂಬ್ತೀರಾ? ಫೋಟೊ ಅಷ್ಟು ಚೆನ್ನಾಗಿತ್ತು. ಕೊಕ್ಕು ತೆರೆದಿದ್ದನ್ನೇ ಆರಿಸಿ ಹಾಕಿದೆ.

ಎಲ್ಲ ಫೋಟೊಗಳನ್ನ ಸಾಲಾಗಿ ನೋಡಿದ್ದು ಮೊನ್ನೆ. ಮೊದಲನೇದರ ಸಮಯ 9:41, ಕೊನೇದು 10:06. ಇಪ್ಪತ್ತೈದು ನಿಮಿಷ. ಮೊದಲ ಫೋಟೊಗಳಲ್ಲಿ ಕೊಕ್ಕು ಮುಚ್ಚಿದೆ. 9:50ರ ಸುಮಾರಿಗೆ ಸ್ವಲ್ಪ ತೆರೆದಿದೆ. ಕೊನೆಯ ಮೂವತ್ತು ಫೋಟೊಗಳಲ್ಲಿ ಪೂರ್ತಿ ತೆರೆದಿದೆ, ಒಂದರಲ್ಲೂ ಮುಚ್ಚಿಲ್ಲ. ಹಕ್ಕಿಗಳಿಗೆ ಬೆವರು ಬರಲ್ಲ. ಮೈ ಕಾದಾಗ ನಾಯಿ ತೇಕುತ್ತಲ್ಲ, ಹಾಗೆ ಬಾಯಿ ತೆರೆದು ಉಸಿರಾಡಿ ತಂಪು ಮಾಡ್ಕೋತಾವೆ. ಇಷ್ಟು ಸಣ್ಣ ಮರಿಗೆ ಅದೂ ಸಾಲಲ್ಲ, ದೊಡ್ಡ ಹಕ್ಕಿಯ ನೆರಳು ಬೇಕೇ ಬೇಕು. ಟಿಟ್ಟಿಭ ಬಿಸಿಲಲ್ಲಿ ನೀರಿಗೆ ಹೋಗಿ ಹೊಟ್ಟೆ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತೆ. ಅಷ್ಟು ಕಾಳಜಿ ಮಾಡೋ ಹಕ್ಕಿ ತನ್ನ ಮರಿ ಹತ್ತಿರ ಇಳಿಯೋಕಾಗದೆ ಮೇಲೆ ಸುತ್ತುತ್ತಿತ್ತು, ಯಾಕಂದ್ರೆ ಮಧ್ಯ ನಾನಿದ್ದೆ.

ನೀವು ಸ್ಟಿಕರ್ ಮಾಡಿದ್ದು ಆ ಬಾಯಿ.

ನಾಲ್ಕನೇ ಮರಿ ಕಥೆ ಕೇಳ್ತೀರ. ಮಾರನೇ ದಿನವೂ ಹೋದೆ, ದೂರದಿಂದ ಮೂರೇ ಕಂಡ್ವು. ನಾನು ಹೋಗೋಕೆ ಮುಂಚೆಯೇ ಕಾಗೆ ಎತ್ತಿರಬಹುದು, ಮುಂಗುಸಿ ಹಿಡಿದಿರಬಹುದು, ಗೋಡು ತುಂಬೋಕೆ ಬಂದ ಟ್ರ್ಯಾಕ್ಟರ್ ಇರಬಹುದು. ಆ ದಿನ ಮಲಗೋ ಮುಂಚೆ ನಾನು ಎಣಿಸಿರಲಿಲ್ಲ. ಎಣಿಸಿದ್ರೆ ಕನಿಷ್ಠ ಅದು ನನ್ನಿಂದ ಅಲ್ಲ ಅಂತಾದ್ರೂ ಹೇಳ್ಕೋಬಹುದಿತ್ತು.

ಮಲಗಿ ಫೋಟೊ ತೆಗೆಯೋದು ಬಿಟ್ಟಿಲ್ಲ, ಬಿಡೋದೂ ಇಲ್ಲ. ಈಗ ಮೊದಲು ದೂರ ಕೂತು ಎಲ್ಲ ಮರಿ ಎಲ್ಲೆಲ್ಲಿದಾವೆ ಅಂತ ನೋಡ್ಕೋತೀನಿ. ಅವು ಇರೋ ಕಡೆಗೆ ನಾನು ಹೋಗಲ್ಲ, ಒಂದು ಕಡೆ ಬಿದ್ಕೊಂಡು ಕಾಯ್ತೀನಿ, ಹುಳ ಹುಡುಕ್ತಾ ಅವೇ ಬಂದ್ರೆ ಬಂದ್ವು. ಮೂರು ಸಲ ಹೋದ್ರೆ ಒಂದು ಸಲ ಬರ್ತಾವೆ. ದೊಡ್ಡವು ಕೂಗಿದ್ರೆ ಎದ್ದು ಹೊರಡೋದು. ಎಂಟೂವರೆಗೆ ಫೋನ್ ಅಲಾರಂ ಇದೆ. ಇದಕ್ಕಿಂತ ಚೆನ್ನಾಗಿ ಮಾಡೋರು ನಿಮ್ಮಲ್ಲಿ ಇದ್ರೆ ಕಾಮೆಂಟಲ್ಲಿ ಹೇಳಿ, ನಿಜವಾಗ್ಲೂ ಬೇಕು.

ಹಳೇ ಪೋಸ್ಟ್ ತೆಗೆದು ಹಾಕೋಣ ಅನ್ಕೊಂಡೆ, ಆದ್ರೆ ನೋಡಿದವರೆಲ್ಲ ನೋಡಿ ಆಗಿದೆ. ಹಾಗಾಗಿ ಇರಲಿ. ಕ್ಯಾಪ್ಷನ್ ಮಾತ್ರ ಬದಲಾಯಿಸಿದೀನಿ, ಈಗ ಅಲ್ಲಿ ‘10:06, ಬಿಸಿಲು’ ಅಂತಿದೆ. ಸ್ಟಿಕರ್ ಏನು ಮಾಡ್ತೀರೋ ನಿಮಗೆ ಬಿಟ್ಟಿದ್ದು.

ಕೊನೇ ಫೋಟೊ ನಿನ್ನೆ ಬೆಳಗ್ಗೆ 7:20ರದು, ಏರಿ ಮೇಲಿಂದ ತೆಗೆದದ್ದು. ಫೋಟೊ ಅಂತ ನೋಡಿದ್ರೆ ಏನೂ ಇಲ್ಲ, ಬರೀ ಮಣ್ಣು. ಜಾಲಿ ಗಿಡದ ಎಡಕ್ಕೆ ಝೂಮ್ ಮಾಡಿ, ನಿಧಾನಕ್ಕೆ ಹುಡುಕಿ. ಮೂರೂ ಇದಾವೆ.