ಉಡಿಯೊಳಗಿನ ಪಿಸ್ತೂಲು

ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಸಣ್ಣದೊಂದು ಪಿಸ್ತೂಲನ್ನು ಕೊಂಡು, ಅನ್ಯರ ಕಣ್ಣಿಗೆ ಬೀಳದಂತೆ ದಿನವೂ ಮೈಮೇಲೆ ಇಟ್ಟುಕೊಂಡು ತಿರುಗಾಡಬೇಕೆಂದು ಮನಸ್ಸು ಮಾಡಿರುತ್ತಾರೆ. ಯಾವ ತರದ್ದನ್ನು ಆರಿಸುವುದು ಯೋಗ್ಯವೆಂದು ನಮ್ಮನ್ನು ಕೇಳಿರುತ್ತಾರೆ. ಅವರು ಪುಂಡರಲ್ಲ, ಹೆಂಡತಿ ಮಕ್ಕಳುಳ್ಳ ಸದ್ಗೃಹಸ್ಥರು. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಕಳಿಸುವ ವ್ಯವಹಾರ ಅವರದು. ಸುಗ್ಗಿಯ ಕಾಲದಲ್ಲಿ ಪೇಟೆಯ ದಿನದ ಲೆಕ್ಕಾಚಾರ ಮುಗಿಸಿಕೊಂಡು ಊರು ಸೇರುವಷ್ಟರಲ್ಲಿ ರಾತ್ರಿ ಬಹಳವಾಗಿರುತ್ತದೆ. ಕಳೆದ ಸುಗ್ಗಿಯಲ್ಲಿ ಒಂದು ರಾತ್ರಿ ಇಬ್ಬರು ಅವರ ಗಾಡಿಯನ್ನು ಅಡ್ಡಗಟ್ಟಿ ಬೆದರಿಸಿದರು; ದೂರದಲ್ಲಿ ಲಾರಿಯ ದೀಪ ಕಂಡುದರಿಂದ ಓಡಿಹೋದರು. ಅಂದಿನಿಂದ ಅವರಿಗೆ ನೆಟ್ಟಗೆ ನಿದ್ರೆಯಿಲ್ಲ. ಭಯಪಟ್ಟವನನ್ನು ನೋಡಿ ನಗುವುದು ಸುಲಭ. ನಾವು ನಗದೆ, ಕಾಯಿದೆಯ ಪುಸ್ತಕಗಳನ್ನು ತಿರುವಿ, ಆಯುಧಗಳನ್ನು ಬಲ್ಲ ನಿವೃತ್ತ ಸೈನಿಕರೊಬ್ಬರನ್ನೂ ಕಂಡು ವಿಚಾರಿಸಿದೆವು. ಇಂಥ ಯೋಚನೆಯು ಬೇರೆ ಮನೆಗಳಲ್ಲಿಯೂ ಇರಬಹುದಾದ್ದರಿಂದ ತಿಳಿದುಬಂದುದನ್ನು ವಾಚಕರ ಮುಂದಿಡುತ್ತೇವೆ.

ಆಯುಧದ ಪರವಾನಿಗೆಯ ಮಾತು ನಮ್ಮ ನಾಡಿಗೆ ಹೊಸದಲ್ಲ. ೧೮೫೭ರಲ್ಲಿ ಆಂಗ್ಲರು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅವುಗಳನ್ನು ಒಪ್ಪಿಸಲೊಲ್ಲದೆ ಪ್ರಾಣವನ್ನೇ ಒಪ್ಪಿಸಿದ ಕಥೆಯು ಲಾವಣಿಯಾಗಿ ಉಳಿದಿದೆ. ಈಗ ನಡೆಯುತ್ತಿರುವುದು ೧೯೫೯ರ ಶಸ್ತ್ರಾಸ್ತ್ರ ಕಾಯಿದೆ, ಮತ್ತು ಅದರ ಕೆಳಗೆ ೨೦೧೬ರಲ್ಲಿ ಮಾಡಿದ ನಿಯಮಗಳು. ಈ ಕಾಯಿದೆಯು ಎಲ್ಲ ಆಯುಧಗಳನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ೨೦ ಇಂಚಿಗೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬಂದೂಕನ್ನು ರಕ್ಷಣೆಗಾಗಿ, ಇಲ್ಲವೆ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಬೆಳೆ ಕಾಯುವುದಕ್ಕಾಗಿ ಕೇಳಿದವನಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ ಪರವಾನಿಗೆ ಕೊಡತಕ್ಕದ್ದೆಂದು ಅದರ ೧೩ನೆಯ ಕಲಮು ಹೇಳುತ್ತದೆ. ಪಿಸ್ತೂಲಿಗಾದರೋ ಹಾಗಿಲ್ಲ. ಕೇಳುವವನಿಗೆ ಯೋಗ್ಯವಾದ ಕಾರಣವುಂಟೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಹಾವೇರಿ ಜಿಲ್ಲೆಯವರಿಗೆ ಆ ಅಧಿಕಾರಿಯೆಂದರೆ ಜಿಲ್ಲಾ ಮ್ಯಾಜಿಸ್ಟ್ರೇಟರು. ಪೊಲೀಸರ ವರದಿ, ಮೈಮನಸ್ಸುಗಳ ಆರೋಗ್ಯದ ಬಗೆಗೆ ವೈದ್ಯರ ಪತ್ರ, ಆಯುಧವನ್ನು ಜೋಕೆಯಿಂದ ಬಳಸುವ ಶಿಕ್ಷಣ, ಮನೆಯಲ್ಲಿ ಭದ್ರವಾಗಿ ಇಡುವ ಏರ್ಪಾಡು, ಇವೆಲ್ಲವೂ ಬೇಕು. ವಯಸ್ಸು ೨೧ ತುಂಬಿರಬೇಕು. ೨೦೧೯ರ ತಿದ್ದುಪಡಿಯಿಂದ ಪರವಾನಿಗೆಯ ಅವಧಿಯು ೩ ವರ್ಷಗಳಿಂದ ೫ ವರ್ಷಗಳಿಗೆ ಏರಿತು. ಒಬ್ಬನು ಇಟ್ಟುಕೊಳ್ಳಬಹುದಾದ ಆಯುಧಗಳು ೩ರಿಂದ ೨ಕ್ಕೆ ಇಳಿದವು.

ಉದ್ದನೆಯ ಬಂದೂಕಕ್ಕೂ ಗಿಡ್ಡನೆಯ ಪಿಸ್ತೂಲಿಗೂ ಮಾಡಿದ ಈ ಭೇದವು ನಮಗೆ ನ್ಯಾಯವಾಗಿಯೇ ಕಾಣುತ್ತದೆ. ಗೋಡೆಯ ಮೇಲೆ ತೂಗುವ ಬಂದೂಕವನ್ನು ಓಣಿಯೆಲ್ಲ ಬಲ್ಲುದು. ಅದು ಇಂಥವರ ಮನೆಯಲ್ಲಿದೆಯೆಂಬ ಸುದ್ದಿಯೇ ಅರ್ಧ ಕಾವಲು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಕೋವಿಯ ಪರವಾನಿಗೆಯಿಂದ ವಿನಾಯಿತಿಯುಂಟು. ಕೇಂದ್ರ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಮನೆತನದ ಮರ್ಯಾದೆಯಂತೆ ಅದು ನಡುಮನೆಯಲ್ಲಿ ಕಾಣುತ್ತಿರುತ್ತದೆ. ಬಚ್ಚಿಟ್ಟ ಪಿಸ್ತೂಲಿನ ಸ್ವಭಾವವೇ ಬೇರೆ. ಅದು ಇದೆಯೆಂದು ಕಳ್ಳನಿಗೆ ತಿಳಿಯದಾದ್ದರಿಂದ ಅವನು ಹೆದರುವುದಿಲ್ಲ. ತಿಳಿಯುವ ಹೊತ್ತಿಗೆ ಹೆದರಿಸುವ ಕಾಲ ಮೀರಿರುತ್ತದೆ.

ಆದರೂ ಬಚ್ಚಿಡುವುದು ಅಪರಾಧವೆಂದು ಯಾರೂ ಭಾವಿಸಬೇಕಾದುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒರೆಯಲ್ಲಿಯೋ ಅಂಥದೇ ಚೀಲದಲ್ಲಿಯೋ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು ಎಂಬುದೇ ನಿಯಮ. ತೋರಿಸುವುದು, ಝಳಪಿಸುವುದು ತಪ್ಪು. ಮದುವೆ, ಜಾತ್ರೆ, ಮೆರವಣಿಗೆ, ಸಭೆಗಳಿಗೆ ಒಯ್ಯಕೂಡದು. ಸಂತೋಷದ ಭರದಲ್ಲಿ ಅಜಾಗರೂಕತೆಯಿಂದ ಹಾರಿಸಿದವನಿಗೆ ೨ ವರ್ಷಗಳವರೆಗೆ ಸೆರೆಮನೆ, ಇಲ್ಲವೆ ೧ ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ದೇವರಗುಡ್ಡದ ಜಾತ್ರೆಯಿಂದ ಹಿಡಿದು ಮನೆಮನೆಯ ಮದುವೆಯವರೆಗೆ ಇಂಥ ಸಮಾರಂಭಗಳಿಲ್ಲದ ವಾರ ನಮ್ಮ ಸೀಮೆಯಲ್ಲಿ ಎಷ್ಟಿದ್ದಾವು? ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಬೇಕಾಗಿ ಬರುವುದೂ ಉಂಟು. ದಿನವೂ ಒಯ್ಯುತ್ತೇನೆಂದು ಕೊಂಡವನು ಹಲವು ದಿನ ಅದನ್ನು ಮನೆಯಲ್ಲಿಯೇ ಬಿಟ್ಟುಹೋಗಬೇಕಾಗುವುದು. ಇದನ್ನು ಮರೆಯದಿರಿ, ಮುಂದೆ ಇದರಿಂದಲೇ ಮುಖ್ಯ ತೊಡಕು ಹುಟ್ಟುತ್ತದೆ.

ಇನ್ನು ಆಯ್ಕೆಯ ಮಾತು. ಸೈನ್ಯದವರು ಬಳಸುವ ೯ ಮಿಲಿಮೀಟರಿನ ಪಿಸ್ತೂಲು ನಿಷಿದ್ಧ ವರ್ಗದ್ದಾದ್ದರಿಂದ ಸಾಮಾನ್ಯ ಗೃಹಸ್ಥನಿಗೆ ಸಲ್ಲದು. ಆದಕಾರಣ ಹೆಚ್ಚಿನವರು ಕೊಳ್ಳುವುದು ೩೨ ಬೋರಿನದು, ಎಂದರೆ ಇಂಚಿನ ನೂರು ಪಾಲುಗಳಲ್ಲಿ ಸುಮಾರು ೩೨ ಪಾಲು ಅಗಲದ ಗುಂಡಿನದು. ಸರಕಾರಿ ಕಾರ್ಖಾನೆಗಳಲ್ಲಿ ಈ ಅಳತೆಯ ಪಿಸ್ತೂಲು, ರಿವಾಲ್ವರು ಎರಡೂ ತಯಾರಾಗುತ್ತವೆ. ೨೦೧೪ರಲ್ಲಿ ಕಾನ್ಪುರದ ಕಾರ್ಖಾನೆಯು ಸ್ತ್ರೀಯರ ಕೈಗೆ ಒಗ್ಗುವಂತೆ ‘ನಿರ್ಭೀಕ್’ ಎಂಬ ಹಗುರವಾದ ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋಗ್ರಾಂ. ಬೆಲೆ ಆಗ ೧ ಲಕ್ಷ ೨೦ ಸಾವಿರ ರೂಪಾಯಿಗೂ ಮೇಲು. ಅಷ್ಟು ಬೆಲೆ ತೆರಬಲ್ಲ ಸ್ತ್ರೀಯು ಕತ್ತಲಲ್ಲಿ ಒಬ್ಬಳೇ ನಡೆದು ಹೋಗುವ ಪ್ರಸಂಗ ಎಷ್ಟು ಬಂದೀತೆಂಬ ಸಂದೇಹ ನಮಗಂತೂ ಬಂತು.

ಪಿಸ್ತೂಲೋ ರಿವಾಲ್ವರೋ ಎಂದು ಕೇಳಿದಾಗ ನಮ್ಮ ಸೈನಿಕ ಮಿತ್ರರು ಹೇಳಿದುದು ಹೀಗೆ. ಪಿಸ್ತೂಲು ತೆಳ್ಳಗಿದ್ದು ಬಟ್ಟೆಯೊಳಗೆ ಉಬ್ಬಿ ಕಾಣದು. ಅದರ ತೋಟೆಗಳು ಹಿಡಿಕೆಯೊಳಗಿನ ಪೆಟ್ಟಿಗೆಯಲ್ಲಿ ಇರುತ್ತವೆ. ಆದರೆ ಪೆಟ್ಟಿಗೆಯನ್ನು ಹೊರಗೆಳೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟೆ ಉಳಿದಿರಬಹುದು. ಬರಿದಾಯಿತೆಂದು ತಿಳಿದು ಕುದುರೆ ಎಳೆದು ಸ್ವಂತ ಮನೆಯವರನ್ನೇ ಕೊಂದವರು ಲೋಕದಲ್ಲಿ ಎಷ್ಟೋ ಜನ. ರಿವಾಲ್ವರು ಉರುಳೆಯಿಂದಾಗಿ ದಪ್ಪಗಿರುತ್ತದೆ. ಉರುಳೆಯನ್ನು ಹೊರಳಿಸಿದೊಡನೆ ಯಾವ ಮನೆಯಲ್ಲಿ ತೋಟೆಯುಂಟು, ಯಾವುದರಲ್ಲಿ ಇಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಒಂದು ತೋಟೆ ಹಾರದಿದ್ದರೆ ಮತ್ತೆ ಕುದುರೆ ಎಳೆದರಾಯಿತು, ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ಸಿಕ್ಕಿಕೊಂಡ ತೋಟೆಯನ್ನು ತೆಗೆಯಲು ಎರಡು ಕೈ ಬೇಕು, ನಡುಗದ ಮನಸ್ಸು ಬೇಕು. ದಿನನಿತ್ಯ ಅಭ್ಯಾಸವಿಲ್ಲದ ಗೃಹಸ್ಥನಿಗೆ ರಿವಾಲ್ವರೇ ಮೇಲೆಂಬುದು ಅವರ ಅಭಿಪ್ರಾಯ, ನಮ್ಮದೂ ಅದೇ. ಆಯುಧ ಚಿಕ್ಕದಾದಷ್ಟೂ ಒಳ್ಳೆಯದೆಂಬ ಎಣಿಕೆಯೂ ಸರಿಯಲ್ಲ. ನಳಿಗೆ ಗಿಡ್ಡವಾದಷ್ಟೂ ಗುರಿ ಕಷ್ಟ, ತೂಕ ಕಡಿಮೆಯಾದಷ್ಟೂ ಕೈಗೆ ಒದೆತ ಹೆಚ್ಚು. ಹೊಲದಲ್ಲಿ ತೆಂಗಿನಕಾಯಿ ಇಟ್ಟು ಹೊಡೆದು ಕಲಿಯುವಂತೆಯೂ ಇಲ್ಲ. ತೋಟೆಗಳು ಪರವಾನಿಗೆಯಲ್ಲಿ ಬರೆದ ಲೆಕ್ಕದಷ್ಟೇ.

ನಮ್ಮ ಉಡುಪೂ ಇದಕ್ಕೆ ಒಗ್ಗದು. ಧೋತರದ ಗಂಟು ಅರ್ಧ ಕಿಲೋ ಭಾರವನ್ನು ತಾಳದು. ಬಂಡಿಯ ಕಿಸೆಯಲ್ಲಿಟ್ಟರೆ ಬಗ್ಗಿದಾಗ ಜಾರಿ ಬೀಳುತ್ತದೆ. ಕುದುರೆಯನ್ನು ಪೂರ್ತಿ ಮುಚ್ಚುವ ಗಟ್ಟಿಯಾದ ಚರ್ಮದ ಒರೆ, ಅದನ್ನು ಹೊರುವ ಅಗಲವಾದ ನಡುಪಟ್ಟಿ, ಇವೆರಡಿಲ್ಲದೆ ಆಯುಧವನ್ನು ಕೊಳ್ಳುವುದು ಲಗಾಮಿಲ್ಲದೆ ಕುದುರೆಯನ್ನು ಕೊಂಡಂತೆ.

ಇಷ್ಟನ್ನು ತಿಳಿಸಲು ನಾವು ಕುಪ್ಪೇಲೂರಿಗೆ ಹೋಗಿದ್ದೆವು. ಊಟಕ್ಕೆ ಬಡಿಸುತ್ತಿದ್ದ ಮನೆಯಾಕೆ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡು, ರೊಟ್ಟಿ ಹಾಕುವಾಗ ಗಂಡನ ಕಡೆಗೆ ತಿರುಗಿ, “ಹಗಲೆಲ್ಲ ನಿಮ್ಮ ಸೊಂಟದಾಗ ಇರತೈತಿ, ಖರೆ. ರಾತ್ರಿ ಎಲ್ಲಿ ಇಡತೀರಿ?” ಎಂದಳು. ಅವರು, “ತಲೆದಿಂಬಿನ ಕೆಳಗೆ” ಎಂದರು. “ಆ ದಿಂಬಿನ ಮ್ಯಾಲೆ ಹುಡುಗ ಮಲಗತಾನ್ರೀ” ಎಂದಳಾಕೆ. ಅವರ ಕಿರಿಯ ಮಗನಿಗೆ ಆರು ವರ್ಷ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕಾಯಿದೆಯ ಪುಸ್ತಕದಲ್ಲಿಯೂ ಸೈನಿಕರ ಬುದ್ಧಿವಾದದಲ್ಲಿಯೂ ನಮಗೆ ದೊರೆಯದ ವಿಷಯವು ಈ ಒಂದು ಮಾತಿನಲ್ಲಿತ್ತು. ದಾರಿಯ ಭಯವು ವರ್ಷದಲ್ಲಿ ಕೆಲವು ರಾತ್ರಿಗಳದು. ಮನೆಯೊಳಗೆ ಆಯುಧವಿರುವುದು ವರ್ಷದ ಪ್ರತಿ ರಾತ್ರಿಯದು. ಪಿಸ್ತೂಲನ್ನು ಆರಿಸುವುದಕ್ಕಿಂತ ಮುಂಚೆ ಗೋಡೆಗೆ ಬಿಗಿದ ಉಕ್ಕಿನ ತಿಜೋರಿಯನ್ನು ಆರಿಸತಕ್ಕದ್ದು. ತೋಟೆಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಬೀಗದ ಕೈ ಮೊಳೆಗೆ ತೂಗುವಂತಿಲ್ಲ, ದೇವರ ಗೂಡಿನಲ್ಲಿಯೂ ಇಡುವಂತಿಲ್ಲ. ಮಕ್ಕಳು ಮೊದಲು ಹುಡುಕುವ ಸ್ಥಳಗಳೇ ಅವು. ಹೀಗೆ ಬೀಗದಲ್ಲಿಟ್ಟ ಆಯುಧವು ನಡುರಾತ್ರಿ ಕಳ್ಳ ಬಂದಾಗ ಕೈಗೆ ಸಿಕ್ಕೀತೇ ಎಂದರೆ, ಬೇಗ ಸಿಕ್ಕದು. ಬೇಗ ಸಿಕ್ಕುವಂತೆ ಇಟ್ಟರೆ ಮಗುವಿಗೂ ಸಿಕ್ಕುತ್ತದೆ. ಇದಕ್ಕೆ ನಡುದಾರಿಯನ್ನು ನಾವು ಕಾಣಲಿಲ್ಲ.

ದಾರಿಯಲ್ಲಿಯಾದರೂ ಅದರಿಂದ ಆಗುವ ಉಪಯೋಗವೆಷ್ಟು? ಭಾರತೀಯ ನ್ಯಾಯ ಸಂಹಿತೆಯ ೩೪ರಿಂದ ೪೪ರವರೆಗಿನ ಕಲಮುಗಳು ಪ್ರತಿಯೊಬ್ಬನಿಗೂ ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿವೆ. ದರೋಡೆಕಾರನನ್ನು ತಡೆಯುವಾಗ ಪ್ರಾಣ ತೆಗೆಯುವವರೆಗೂ ಆ ಹಕ್ಕು ಹೋಗಬಹುದು. ಆದರೆ ಅವಶ್ಯಕ್ಕಿಂತ ಹೆಚ್ಚಿನ ಕೇಡು ಮಾಡಬಾರದು. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದವನು ರಕ್ಷಣೆಯ ಮಾತನ್ನು ಸುಲಭವಾಗಿ ಹೇಳಲಾರ. ಎದುರಿಗೆ ಇಬ್ಬರು, ಕೈಯಲ್ಲಿ ಗಾಡಿಯ ಹಿಡಿಕೆ, ಒರೆಯ ಮೇಲೆ ಅಂಗಿ: ಆ ಎರಡು ಕ್ಷಣಗಳಲ್ಲಿ ಏನಾದೀತೆಂದು ಯೋಚಿಸಿರಿ. ೨೦೨೪ರ ಮಾರ್ಚ್ ೧೧ರಂದು ಮೆಣಸಿನಕಾಯಿಯ ಬೆಲೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ಅಂಥ ಗದ್ದಲದಲ್ಲಿ ಯಾವನಾದರೊಬ್ಬ ವ್ಯಾಪಾರಿಯು ಅಂಜಿ ಸೊಂಟಕ್ಕೆ ಕೈಹಾಕಿದ್ದರೆ, ಬೆಂಕಿಯಲ್ಲಿ ಮುಗಿದುದು ಹೆಣದಲ್ಲಿ ಮುಗಿಯುತ್ತಿತ್ತು.

ಇಷ್ಟರ ಮೇಲೆ ನಮ್ಮ ಸಂಬಂಧಿಕರು ಮಾಡಿರುವ ಏರ್ಪಾಡು ಇಷ್ಟು: ದಲಾಲಿಯವರು ಹಣವನ್ನು ನೇರವಾಗಿ ಬ್ಯಾಂಕಿನ ಖಾತೆಗೆ ಹಾಕತಕ್ಕದ್ದು, ಪೇಟೆಯ ದಿನ ಊರಿನ ಇನ್ನಿಬ್ಬರೊಡನೆ ಒಂದೇ ಗಾಡಿಯಲ್ಲಿ ಹೋಗಿ ಬರತಕ್ಕದ್ದು, ತಡವಾದರೆ ಬ್ಯಾಡಗಿಯಲ್ಲಿಯೇ ಉಳಿಯತಕ್ಕದ್ದು. ಪಿಸ್ತೂಲಿನ ಆಸೆಯನ್ನು ಅವರು ಪೂರ್ತಿ ಬಿಟ್ಟಿಲ್ಲ. ಅರ್ಜಿಯ ನಮೂನೆಯನ್ನು ತಂದಿಟ್ಟುಕೊಂಡಿದ್ದಾರೆ. ತಿಜೋರಿ ಬಂದ ಮೇಲೆ ತುಂಬುತ್ತಾರಂತೆ. ತಿಜೋರಿ ಬರಲಿ, ಅದರಲ್ಲಿ ಮೊದಲು ಬಂಗಾರವನ್ನಿಡೋಣವೆಂದು ಮನೆಯಾಕೆಯ ಅಭಿಪ್ರಾಯ.

ಕೊಳ್ಳುವವರು ಇನ್ನೂ ಒಂದನ್ನು ತಿಳಿದಿರಬೇಕು. ಪರವಾನಿಗೆಯು ಮನುಷ್ಯನಿಗೆ ಕೊಟ್ಟದ್ದೇ ಹೊರತು ಮನೆತನಕ್ಕಲ್ಲ. ಯಜಮಾನನು ತೀರಿಕೊಂಡರೆ ಆಯುಧವನ್ನು ಠಾಣೆಗಾಗಲಿ ಪರವಾನಿಗೆಯುಳ್ಳ ಅಂಗಡಿಗಾಗಲಿ ಒಪ್ಪಿಸಬೇಕು. ವಾರಸುದಾರನು ತನ್ನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಿ ಪಡೆಯಬೇಕು, ಇಲ್ಲವೆ ಮಾರಿಬಿಡಬೇಕು. ಹಾಗೆ ಮಾಡದೆ ಅಜ್ಜನ ಕಾಲದ ಬಂದೂಕನ್ನು ಅಟ್ಟದ ಮೇಲೆ ಸುತ್ತಿಟ್ಟಿರುವ ಮನೆಗಳು ನಮ್ಮ ಸೀಮೆಯಲ್ಲಿಯೂ ಇದ್ದಾವು. ಅಂಥವರು ಅದನ್ನು ಬಿಚ್ಚಿ ನೋಡುವ ಗೊಡವೆಗೆ ಹೋಗದೆ, ಮೊದಲು ವಕೀಲರೊಬ್ಬರನ್ನು ಕಂಡು, ಅವರ ಮೂಲಕ ಠಾಣೆಗೆ ತಿಳಿಸುವುದು ಉತ್ತಮ. ಅದರಲ್ಲಿ ಮದ್ದು ಇನ್ನೂ ತುಂಬಿಯೇ ಇರಬಹುದು.